ಗೆರಿ ಬಂದರ ಹೊಳ್ಳು

ನಾವಿಬ್ಬರೂ ಜೊತೆಯಾಗಿ ಓಡಿದ ಕೊನೆಯ ದಿನ ಶ್ರಾವಣದ ಒಂದು ಭಾನುವಾರ. ಅದು ಕೊನೆಯದು ಎಂದು ಗೊತ್ತಿರಲಿಲ್ಲ, ಹಾಗಾಗಿ ಅದನ್ನು ಸರಿಯಾಗಿ ನೋಡಿಕೊಳ್ಳಲೂ ಇಲ್ಲ. ಜಿಟಿಜಿಟಿ ಮಳೆ ಹಿಡಿದಿತ್ತು. ವಿದ್ಯಾನಗರದಿಂದ ಹೊರಟು ಉಣಕಲ್ ಕೆರೆ ದಾಟಿ ನವನಗರದ ತನಕ ಹೋಗಿ ಹೊಳ್ಳಿ ಬಂದೆವು. ಬರುವಾಗ ಏರಿನಲ್ಲಿ ಇಮಾಮ್‌ಭಾಯ್ ಎರಡು ಸಲ ನಿಂತು ಬೂಟಿನ ಲೇಸು ಕಟ್ಟಿಕೊಂಡ. ಎರಡನೇ ಸಲ ಲೇಸು ಬಿಚ್ಚಿರಲಿಲ್ಲ. ಅದನ್ನು ನಾನು ಕಂಡಿದ್ದೆ. ಕಂಡದ್ದು ನೆನಪಾದದ್ದು ಮಾತ್ರ ಆರು ತಿಂಗಳ ಮೇಲೆ.

ಕೆರೆಯ ಹತ್ತಿರದ ಚಹಾದ ಅಂಗಡಿಯಲ್ಲಿ ಒದ್ದೆ ಅಂಗಿಯಲ್ಲೇ ಕುಳಿತೆವು. ಮಿರ್ಚಿ ಭಜಿ ಬಿಸಿ ಇತ್ತು. ಅವನು ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದ.

"ಇಬ್ಬರದೂ ಫಾರ್ಮ್ ತುಂಬೇನಿ ಮಾಸ್ತರ. ಫೆಬ್ರುವರಿ ಕಡೀಕ. ಪೂರಾ ನಲವತ್ತೆರಡು ಕಿಲೋಮೀಟರ್."

"ಭಾಯ್, ತಲಿ ಕೆಟ್ಟೈತೇನು? ಧಾರವಾಡಕ್ಕ ಹೋಗಿ ಬರೂದಕ್ಕಿಂತ ಹೆಚ್ಚಾತು ಅದು."

"ಬಸ್ಸಿನ್ಯಾಗ ಹೆಂಗೂ ಸೀಟ್ ಸಿಗಂಗಿಲ್ಲ. ಓಡೂದ ಛಲೋ."

ನಾನು ನಕ್ಕೆ. ಅವನು ನನ್ನ ತಟ್ಟೆಯಲ್ಲಿದ್ದ ಮಿರ್ಚಿಯನ್ನೂ ತಿಂದು, "ನಿನಗ ಸಕ್ಕರಿ ಬ್ಯಾನಿ ಐತಿ, ಎಣ್ಣಿ ತಿನಬಾರದು," ಎಂದ. ಅದು ಅವನ ದಿನದ ಮಾತು.

ಇಮಾಮ್‌ಭಾಯ್ ನನಗಿಂತ ನಾಲ್ಕು ವರ್ಷ ದೊಡ್ಡವನು. ವಿದ್ಯಾನಗರದ ಹಿಂದಿನ ಓಣಿಯಲ್ಲಿ ಮೋಟರ್ ಸೈಕಲ್ ರಿಪೇರಿ ಮಾಡುತ್ತಿದ್ದ. ನಾನು ಅಲ್ಲೇ ಸಮೀಪದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಅಟೆಂಡರ್. ಕಲಿತದ್ದು ಶಿರಗುಪ್ಪಿಯ ಸಾಲಿಯಲ್ಲಿ, ಹತ್ತನೆಯ ತನಕ. ಪುಸ್ತಕ ಎತ್ತಿಡುತ್ತೇನೆ ಎಂಬ ಒಂದೇ ಕಾರಣಕ್ಕೆ ಅವನು ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದ. ಡಾಕ್ಟರು ನನಗೆ ದಿನಾ ನಡೆಯಲು ಹೇಳಿದಾಗ, "ಒಬ್ಬನ ಹೋದ್ರ ನಾಯಿ ಬೆನ್ನ ಹತ್ತತಾವ," ಎಂದು ಜೊತೆಗೆ ಬಂದವನು ಅವನು. ಮೊದಲ ವರ್ಷ ರಬ್ಬರ್ ಚಪ್ಪಲಿಯಲ್ಲೇ ನಡೆದ. ನಡಿಗೆ ಯಾವಾಗ ಓಟವಾಯಿತೋ ಇಬ್ಬರಿಗೂ ನೆನಪಿಲ್ಲ.

ಆ ಭಾನುವಾರದ ಮರುದಿನ ನಾನು ಗ್ರಂಥಾಲಯದ ಏಣಿಯಿಂದ ಬಿದ್ದೆ. ಮಳೆಯಲ್ಲಿ ತೊಯ್ದ ಚಪ್ಪಲಿ, ಮೇಲಿನ ಕಪಾಟು, ಎರಡೂ ಕೈಯಲ್ಲಿ ಪುಸ್ತಕ. ತಪ್ಪು ನನ್ನದೇ. ಬಲಗಾಲಿನ ಹರಡಿನ, ಎಂದರೆ ಪಾದದ ಕೀಲಿನ, ಎಲುಬು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು, ಮೂರು ತಿಂಗಳು ಓಡುವ ಮಾತು ಆಡಬೇಡಿ ಎಂದರು. ನಾನು ಗೋಡೆಯ ಕ್ಯಾಲೆಂಡರು ನೋಡುತ್ತ ಫೆಬ್ರುವರಿಗೆ ಎಷ್ಟು ವಾರ ಎಂದು ಎಣಿಸಿದೆ. ಅಳು ಬಂತು. ನಲವತ್ತೇಳು ವರ್ಷದವನು ಓಟಕ್ಕಾಗಿ ಅತ್ತ ಎಂದರೆ ನಗುತ್ತಾರೆ. ಆದರೆ ಜೀವನದಲ್ಲಿ ಓಟ ಬಿಟ್ಟರೆ ನಾನಾಗಿ ಮಾಡಿದ್ದು ಬೇರೆ ಏನೂ ಇರಲಿಲ್ಲ.

ಇಮಾಮ್‌ಭಾಯ್ ಆ ಸಂಜೆ ಮನೆಗೆ ಬಂದು ಪ್ಲಾಸ್ಟರನ್ನು ಬೆರಳಿನಿಂದ ತಟ್ಟಿ ನೋಡಿದ, ಹಳೆ ಗಾಡಿಯ ಪೆಟ್ರೋಲ್ ಟಾಕಿ ತಟ್ಟಿದ ಹಾಗೆ. "ಬೋರ್ ಮಾಡಿಸಿದ ಗಾಡಿ ಅಂತ ತಿಳಕೊ," ಎಂದ.

ಇದನ್ನು ಸ್ವಲ್ಪ ಹೇಳಬೇಕು. ಹಳೆಯ ಎಂಜಿನ್ ಒಳಗೆ ಸವೆದುಹೋದರೆ ಅದನ್ನು ಕೊರೆಸಿ ಹೊಸ ಪಿಸ್ಟನ್ ಕೂಡಿಸುತ್ತಾರೆ. ಅದಕ್ಕೆ ಬೋರ್ ಮಾಡಿಸುವುದು ಎನ್ನುತ್ತಾರೆ. ಆಮೇಲೆ ಬಹಳ ದಿನ ಗಾಡಿಯನ್ನು ಹಗೂರ ಹೊಡೆಯಬೇಕು. ಒಳಗಿನ ಲೋಹಕ್ಕೆ ಲೋಹ ಹೊಂದಿಕೊಳ್ಳುವ ತನಕ ಜೋರು ಮಾಡಿದರೆ ಎಂಜಿನ್ ಹಿಡಿದುಕೊಂಡು ನಿಲ್ಲುತ್ತದೆ. ಗಿರಾಕಿಗಳು ಬಾಯಿ ಮಾತು ಕೇಳುವುದಿಲ್ಲ ಎಂದು ಇಮಾಮ್‌ಭಾಯ್ ಸ್ಪೀಡಿನ ಮೀಟರಿನ ಗಾಜಿನ ಮೇಲೆ ನಲವತ್ತರ ಹತ್ತಿರ ಕೆಂಪು ಗೆರೆ ಎಳೆಯುತ್ತಿದ್ದ. ಅದೂ ಮಗಳ ಉಗುರು ಬಣ್ಣದಿಂದ. ಮಗಳು ಸಬೀನಾ ಆಗ ಪಿಯುಸಿ ಓದುತ್ತಿದ್ದಳು. "ಕಾಕಾ, ನೀವರ ಹೇಳ್ರಿ ಅಬ್ಬಾಗ. ನನ್ನ ಉಗುರಿಗಿಂತ ಗಿರಾಕಿ ಗಾಡಿಗೋಳ ಚಂದ ಆಗ್ಯಾವ," ಎಂದು ನನ್ನ ಹತ್ತಿರ ದೂರು ಹೇಳುತ್ತಿದ್ದಳು. ಗಾಡಿ ಹೊಂದಿಕೊಂಡಿದೆ ಎಂದು ಅವನ ಕಿವಿಗೆ ಅನಿಸಿದ ದಿನ ತಾನೇ ಬ್ಲೇಡಿನಿಂದ ಆ ಗೆರೆ ಕೆರೆದು ತೆಗೆಯುತ್ತಿದ್ದ. ಗಿರಾಕಿಗಳು ತಾವಾಗಿ ತೆಗೆದರೆ ಅವರ ಗಾಡಿಯನ್ನು ಮತ್ತೆ ಮುಟ್ಟುತ್ತಿರಲಿಲ್ಲ.

ಮಹಾನವಮಿಗೆ ಮುಂಚೆ ಪ್ಲಾಸ್ಟರ್ ಬಿಚ್ಚಿದರು. ಕಾಲು ತೆಳ್ಳಗಾಗಿ, ಬೇರೆ ಯಾರದೋ ಕಾಲಿನಂತೆ ಕಂಡಿತು. ಕೆಲವು ವಾರ ಬರಿಯ ನಡಿಗೆ, ಹರಡು ತಿರುವುವ ವ್ಯಾಯಾಮ. ಹೋಗುತ್ತ ಬರುತ್ತ ಇಮಾಮ್‌ಭಾಯ್ ನನ್ನ ಪಕ್ಕ. ಡಾಕ್ಟರು ಹೇಳಿದ ಮೂರು ತಿಂಗಳಿಗೆ ಇನ್ನೂ ಎರಡು ವಾರ ಇರುವಾಗ ನಾನೇ ಮತ್ತೆ ಹೋಗಿ ತೋರಿಸಿ, ಹಗೂರ ಶುರು ಮಾಡಬಹುದು ಎಂದು ಹೇಳಿಸಿಕೊಂಡು ಬಂದೆ. ನೆಟ್ಟಗೆ ಗ್ಯಾರೇಜಿಗೆ ಹೋಗಿ ಹೇಳಿದೆ. ಅವನು ಕೈ ಒರೆಸಿಕೊಂಡು, "ಗಡಿಯಾರ ಬಿಚ್ಚು," ಎಂದ.

ನನ್ನದು ಮುಳ್ಳಿನ ಹಳೆಯ ಕೈಗಡಿಯಾರ. ಅದರ ಗಾಜಿನ ಮೇಲೆ ಒಂದರ ಅಂಕಿಯ ನೇರಕ್ಕೆ ಸಣ್ಣ ಕೆಂಪು ಗೆರೆ ಎಳೆದು ಊದಿ ಒಣಗಿಸಿದ.

"ಮುಂಜಾನಿ ಆರಕ್ಕ ಸರಿಯಾಗಿ ಸುರು ಮಾಡು. ದೊಡ್ಡ ಮುಳ್ಳು ಗೆರಿಗೆ ಬಂತಂದ್ರ ಎಲ್ಲಿ ಇದ್ದಿ ಅಲ್ಲೇ ಹೊಳ್ಳು. ಮುಂದ ಒಂದು ಹೆಜ್ಜಿ ಇಡಬ್ಯಾಡ."

"ಐದು ನಿಮಿಷ? ಭಾಯ್, ಐದು ನಿಮಿಷದಾಗ ನಮ್ಮ ಓಣಿ ದಾಟಂಗಿಲ್ಲ."

"ದಾಟಬ್ಯಾಡ. ಓಣಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ವಾರಕ್ಕೊಮ್ಮೆ, ಭಾನುವಾರ, ಅವನೇ ಗೆರೆ ಕೆರೆದು ನಿಮಿಷದ ಮೂರು ಕಡ್ಡಿ ಮುಂದೆ ಎಳೆಯುತ್ತಿದ್ದ. ಒಮ್ಮೊಮ್ಮೆ ಎರಡು. ಗೆರೆ ಒಂದು ಸುತ್ತು ಹೊಡೆದು ಹನ್ನೆರಡಕ್ಕೆ ಬಂದರೆ ನಲವತ್ತೆರಡು ಕಿಲೋಮೀಟರಿಗೆ ಕಾಲು ತಯಾರು ಎಂಬುದು ಅವನ ಲೆಕ್ಕ. "ಆಮ್ಯಾಲೆ ಗೆರಿ ತಗದು ಒಗೀತೇನಿ. ನೀ, ನಿನ್ನ ರೋಡು."

ಮೊದಲ ವಾರಗಳಲ್ಲಿ ಅವನೂ ನನ್ನ ಪಕ್ಕದಲ್ಲೇ ಓಡಿದ. ಅದನ್ನು ಓಟ ಎನ್ನಲು ಬರುವುದಿಲ್ಲ. ಹಾಲು ತರಲು ಹೊರಟ ಹೆಂಗಸರು ನಮ್ಮನ್ನು ದಾಟಿ ಹೋಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಕೆರೆಯ ದಂಡೆ ತನಕ ಹೋಗುವ ಆಸೆ, ಮುಳ್ಳು ಗೆರೆಗೆ ಬಂದ ತಕ್ಷಣ ಇವನು ಅಂಗಿ ಹಿಡಿದು ಎಳೆಯುತ್ತಿದ್ದ. ದೀಪಾವಳಿ ಮುಗಿದ ಮೇಲೆ ಅವನು ಸೈಕಲ್ ತಂದ. "ನಿನ್ನ ಗೂಡ ಓಡಿದ್ರ ನನಗ ನಿದ್ದಿ ಬರ್ತೈತಿ," ಎಂದ. ನಾನು ನಂಬಿದೆ. ಗೆರೆ ನಾಲ್ಕರ ಹತ್ತಿರ ಬಂದಾಗ ಸೈಕಲ್ ಬಿಟ್ಟು ಯಾರೋ ಗಿರಾಕಿಯ ಮೊಪೆಡ್ ಮೇಲೆ ಬಂದ. ಟ್ರಾಯಲ್ ನೋಡುತ್ತಿದ್ದೇನೆ ಎಂದ. ಅದನ್ನೂ ನಂಬಿದೆ. ಡಿಸೆಂಬರ್ ಬಂದ ಮೇಲೆ ಮೊಪೆಡ್ಡನ್ನು ಕೆರೆಯ ಹತ್ತಿರ ನಿಲ್ಲಿಸಿ, ಕಟ್ಟೆಯ ಮೇಲೆ ಕುಳಿತು, ಥರ್ಮಾಸಿನಲ್ಲಿ ಚಹಾ ಇಟ್ಟುಕೊಂಡು ನನ್ನ ದಾರಿ ಕಾಯತೊಡಗಿದ.

"ಭಾಯ್, ಮುಂದಿನ ವಾರ ನೀ ಮನ್ಯಾಗ ಮಲಗಿ ಫೋನಿನ್ಯಾಗ ಕಲಿಸು. ಅದೊಂದು ಉಳದೈತಿ," ಎಂದೆ.

ಅವನು ನಕ್ಕು ಕೆಮ್ಮಿದ. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಚಳಿಗಾಲ, ಧೂಳು, ಗ್ಯಾರೇಜಿನ ಹೊಗೆ. ಕೆಮ್ಮದವರು ಯಾರು ಎಂದುಕೊಂಡೆ. ನನ್ನ ಕಾಲು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು, ನನ್ನ ಕಣ್ಣು ಅದರ ಮೇಲೇ ಇತ್ತು.

ಒಂದು ಮುಂಜಾನೆ ನಾನು ಗೆರೆ ದಾಟಿದೆ. ಬೇಕೆಂದೇ ದಾಟಿದೆ. ಉಸಿರು ಸರಾಗ ಇತ್ತು, ಹರಡು ನೋಯುತ್ತಿರಲಿಲ್ಲ, ಮಂಜು ಹರಿದು ರಸ್ತೆ ಖಾಲಿ ಇತ್ತು. ಕಟ್ಟೆಯ ಮೇಲೆ ಕುಳಿತವನಿಗೆ ಏನು ಗೊತ್ತಾಗುತ್ತದೆ ಎಂದು ಹತ್ತು ನಿಮಿಷ ಹೆಚ್ಚು ಓಡಿದೆ. ಹೊಳ್ಳಿ ಬಂದಾಗ ದೂರದ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಅದಕ್ಕಿಂತ ಈಚೆ, ರಸ್ತೆಯ ಬದಿಗೆ ಒಂದು ಕಲ್ಲಿನ ಮೇಲೆ ಅವನು ಕುಳಿತಿದ್ದ. ಎರಡೂ ಕೈ ಮೊಣಕಾಲಿನ ಮೇಲೆ. ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು.

"ಇಷ್ಟೊತ್ತು ಎಲ್ಲಿ ಸತ್ತಿದ್ದಿ?" ಎಂದ. ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಂತ. "ಕಾಲು ಮತ್ತ ಮುರಕೊಂಡಿ ಏನಂತ ಹುಡಕಾಕ ಬಂದೆ."

"ಸ್ವಲ್ಪ ಮುಂದ ಹೋಗಿದ್ದೆ, ಭಾಯ್. ಛಲೋ ಅನಸಿತ್ತು."

"ಛಲೋ ಅನಸಿದಾಗಲೇ ಎಂಜಿನ್ ಹಿಡಕೊಳ್ಳೂದಲೇ ಮಗನ. ನೂರು ಗಾಡಿ ನೋಡೇನಿ. ನಿನಗ ಕಾಯಾಕ ಬರಂಗಿಲ್ಲ ಅಂದ್ರ ನನ್ನ ಗೂಡ ಬರಬ್ಯಾಡ."

ಅವನು ನನಗೆ ಬೈದದ್ದು ಅದೊಂದೇ ಸಲ. ನನ್ನ ಕಾಲಿನ ಕಾಳಜಿಗೆ ಬೈದ ಎಂದೇ ತಿಳಿದೆ, ತಲೆ ತಗ್ಗಿಸಿ ನಿಂತೆ. ಅವನು ಕಟ್ಟೆಯಿಂದ ಆ ಕಲ್ಲಿನ ತನಕ ನಡೆದು ಬಂದದ್ದು ಮುನ್ನೂರು ಹೆಜ್ಜೆ ಇದ್ದೀತು. ಮುನ್ನೂರು ಹೆಜ್ಜೆಗೆ ಅವನ ಮುಖ ಹಾಗೆ ಯಾಕಾಯಿತು ಎಂದು ನಾನು ಕೇಳಲಿಲ್ಲ. ಈಗ ಆ ದಾರಿಯಲ್ಲಿ ಹೋಗುವಾಗೆಲ್ಲ ಆ ಕಲ್ಲನ್ನು ನೋಡುತ್ತೇನೆ.

ಎಳ್ಳಮವಾಸ್ಯೆಗೆ ಎಲ್ಲವೂ ಬಯಲಿಗೆ ಬಂತು. ಪ್ರತಿ ವರ್ಷ ಆ ದಿನ ನಮ್ಮ ಅಣ್ಣನ ಹೊಲಕ್ಕೆ, ಶಿರಗುಪ್ಪಿಗೆ, ಇಮಾಮ್‌ಭಾಯ್ ಮನೆಯವರೆಲ್ಲ ಬರುತ್ತಿದ್ದರು. ಹೊಲದಲ್ಲಿ ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ, ಜೋಳದ ಬೆಳೆಯ ನಡುವೆ ಕುಳಿತು ಸಜ್ಜಿ ರೊಟ್ಟಿ, ಬದನಿಕಾಯಿ, ಎಳ್ಳಿನ ಹೋಳಿಗೆ ಉಣ್ಣುವುದು. ರಸ್ತೆಯಿಂದ ಹೊಲಕ್ಕೆ ಒಂದು ಕಿಲೋಮೀಟರ್ ಬದುವಿನ ದಾರಿ. ಹಿಂದಿನ ವರ್ಷ ಆ ದಾರಿಯಲ್ಲಿ ನಾವಿಬ್ಬರೂ ಪಂದ್ಯ ಕಟ್ಟಿ ಓಡಿದ್ದೆವು, ಬುತ್ತಿಯ ಗಂಟು ಹೊತ್ತುಕೊಂಡೇ ಅವನು ಗೆದ್ದಿದ್ದ. ಈ ಸಲ ಅರ್ಧ ದಾರಿಗೆ ಅವನು ನಿಂತ. ಅವನ ಹೆಂಡತಿ, ನಮ್ಮ ಭಾಬಿ, ತಾನು ಹೊತ್ತಿದ್ದ ಬುಟ್ಟಿಯನ್ನು ಸಬೀನಾಳ ಕೈಗೆ ಕೊಟ್ಟು ಅವನ ತೋಳು ಹಿಡಿದಳು. ಯಾರಿಗೂ ಕಾಣದಂತೆ ಹಿಡಿಯಲು ನೋಡಿದಳು. ಅಣ್ಣ ಎತ್ತಿನ ಗಾಡಿ ಕಳಿಸಿದ. ಅದರಲ್ಲಿ ಕುಳಿತು ಬಂದ ಇಮಾಮ್‌ಭಾಯ್, "ಜೋಳದ ಬೆಳಿ ನಿಂತ ನೋಡಿದ್ರ ಕಾಣಂಗಿಲ್ಲ, ಎತ್ತರದಿಂದ ನೋಡಬೇಕು," ಎಂದು ನಗಿಸಿದ. ಅರ್ಧ ರೊಟ್ಟಿ ಉಂಡು ಬಿಟ್ಟ.

ಊಟದ ಮೇಲೆ ಕೈ ತೊಳೆಯುವಾಗ ಭಾಬಿ ನನ್ನ ಹತ್ತಿರ ಬಂದಳು.

"ಈರಣ್ಣ, ಅವರಿಗೆ ರಾತ್ರಿ ಕುಂತ ನಿದ್ದಿ ಮಾಡೂ ಹಂಗ ಆಗೈತಿ, ಎರಡು ತಿಂಗಳಾತು. ದವಾಖಾನಿಗೆ ನಡೀರಿ ಅಂದ್ರ ಫೆಬ್ರುವರಿ ಮುಗೀಲಿ ಅಂತಾರ. ನಿನ್ನ ಮಾತು ಕೇಳ್ತಾರ, ನೀ ಹೇಳು."

ಎರಡು ತಿಂಗಳು. ಅಷ್ಟೂ ದಿನ ಪ್ರತಿ ಮುಂಜಾನೆ ನಾನು ಅವನನ್ನು ನೋಡುತ್ತಿದ್ದೆ.

ಮರುದಿನವೇ ಕರೆದುಕೊಂಡು ಹೋದೆವು. ವಿದ್ಯಾನಗರದ ದವಾಖಾನೆಯೊಂದರಲ್ಲಿ ಎದೆಯ ಫೋಟೋ ತೆಗೆದರು, ಸ್ಕ್ಯಾನ್ ಮಾಡಿದರು, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಶ್ವಾಸಕೋಶದಲ್ಲಿ ಗಂಟು. ಅದು ಆಗಲೇ ಬೇರೆ ಕಡೆಗೂ ಹೋಗಿತ್ತು. ಡಾಕ್ಟರು ಭಾಬಿಯನ್ನೂ ಮಗಳನ್ನೂ ಒಳಗೆ ಕರೆದರು. ನಾನು ಹೊರಗಿನ ಕುರ್ಚಿಯಲ್ಲಿ ಉಳಿದೆ. ಗೆಳೆಯನಿಗೆ ಅಂಥ ಕೋಣೆಗಳಲ್ಲಿ ಕುರ್ಚಿ ಇರುವುದಿಲ್ಲ. ಅದು ಯಾರ ತಪ್ಪೂ ಅಲ್ಲ. ಬಾಗಿಲು ತೆರೆದಾಗ ಸಬೀನಾಳ ಮುಖ ನೋಡಿ ಗೊತ್ತಾಯಿತು.

ಆಮೇಲೆ ಒಮ್ಮೆ ಡಾಕ್ಟರು ವರಾಂಡದಲ್ಲಿ ಸಿಕ್ಕಾಗ ಕೇಳಿದೆ, ಮುಂದೇನು ಎಂದು. "ಔಷಧ ಸುರು ಮಾಡೇವಿ. ಸ್ವಲ್ಪ ತಾಳ್ಮಿಯಿಂದ ಇರ್ರಿ," ಎಂದರು. ಒಳ್ಳೆಯ ಮನುಷ್ಯ. ಅದನ್ನು ಬಿಟ್ಟು ಹೇಳಲು ಅವರ ಹತ್ತಿರ ಏನೂ ಇರಲಿಲ್ಲ. ನನಗೆ ಆಗ ತಾಳ್ಮೆ ಚೆನ್ನಾಗಿ ಬರುತ್ತಿತ್ತು. ಐದು ತಿಂಗಳಿಂದ ಅದನ್ನೇ ಕಲಿತಿದ್ದೆ. ಎಲುಬಿನ ಮುಂದೆ ಕಾದು ಕುಳಿತರೆ ಎಲುಬು ಕೂಡುತ್ತದೆ. ಇಲ್ಲಿ ಕಾದು ಕುಳಿತರೆ ದಿನಗಳು ಹೋಗುತ್ತಿದ್ದವು, ಅಷ್ಟೇ.

"ನಾ ಏನ ಮಾಡ್ಲಿ ಭಾಯ್?" ಎಂದು ಕೇಳಿದೆ. ಅವನನ್ನು ವಾರ್ಡಿಗೆ ಸೇರಿಸಿಕೊಂಡು ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿದ್ದರು. ಅವನು ನನ್ನ ಕೈ ಎಳೆದು ಗಡಿಯಾರ ನೋಡಿದ.

"ಓಡಾಕತ್ತಿಲ್ಲೇನು?"

"ಇಲ್ಲ. ನಾಕು ದಿನ ಆತು."

"ಹಂಗ ನಿಂದ್ರಸಿದ್ರ ಇಷ್ಟು ದಿನ ಮಾಡಿದ್ದು ನೀರಾಗ ಹೋತು. ನಾಳೆ ಆರಕ್ಕ ಸುರು ಮಾಡು. ಗೆರಿ ಬಂದ್ರ ಹೊಳ್ಳು. ಹೊಳ್ಳಿ ಸೀದಾ ಇಲ್ಲಿ ಬಾ."

ಹಾಗೇ ಮಾಡಿದೆ. ಮುಂಜಾನೆ ಓಡಿ, ಬೆವರಿನ ಅಂಗಿ ಬದಲಿಸಿ, ದವಾಖಾನೆಗೆ ಹೋಗಿ ಕೆಲಸಕ್ಕೆ ಹೋಗುತ್ತಿದ್ದೆ. ಅವನು ದಿನವೂ ಒಂದೇ ಮಾತು ಕೇಳುತ್ತಿದ್ದ. "ಹೊಳ್ಳಿದಿ?" "ಹೊಳ್ಳಿದೆ." "ಒಂದು ಹೆಜ್ಜಿನೂ ಮುಂದ ಇಡಲಿಲ್ಲ?" "ಇಡಲಿಲ್ಲ, ಭಾಯ್." ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮಾತಾಡಲು ಅವನಿಗೆ ಉಸಿರು ಸಾಲುತ್ತಿರಲಿಲ್ಲ.

ಭಾನುವಾರಗಳಂದು ಸಬೀನಾ ಬಣ್ಣದ ಶೀಶೆ ತರುತ್ತಿದ್ದಳು. ಒಂದು ಭಾನುವಾರ ವಾರ್ಡಿನ ನರ್ಸಮ್ಮ ಮೂಗು ಮುಚ್ಚಿಕೊಂಡು ಬಂದು, "ಏನ್ರಿ ಇದು, ಉಸಿರಾಟದ ಪೇಷಂಟ್ ಮುಂದ ಇಂಥಾ ವಾಸನಿ? ಯಾರಿಗ್ರಿ ಇಲ್ಲಿ ಶೃಂಗಾರ?" ಎಂದು ರೇಗಿದಳು.

"ಮಾಸ್ತರಗ ಲಗ್ನ ಐತಿ, ಸಿಸ್ಟರ್," ಎಂದ ಇಮಾಮ್‌ಭಾಯ್.

ನರ್ಸಮ್ಮ ನಗು ತಡೆಯಲಾಗದೆ ಕಿಟಕಿ ತೆರೆದು ಹೋದಳು. ಅವನ ಬೆರಳು ನಡುಗುತ್ತಿತ್ತು. ಬ್ಲೇಡು ಕೊಟ್ಟರೆ ಗಾಜು ಗೀರೀತೆಂದು ಸಬೀನಾ ತಾನೇ ಹಳೆಯ ಗೆರೆ ಕೆರೆದಳು. ಹೊಸದನ್ನು ಮಾತ್ರ ಅವನೇ ಎಳೆದ. ಎಂಟು ದಾಟಿ ಮೂರನೇ ಕಡ್ಡಿ. ಗೆರೆ ಸೊಟ್ಟಗಾಯಿತು. ಒರೆಸಿ ಮತ್ತೆ ಎಳೆಯಲು ನೋಡಿದ, ಆಗಲಿಲ್ಲ. "ಇರಲಿ. ಮುಂದಿನ ವಾರ ನೆಟ್ಟಗ ಎಳೀತೇನಿ," ಎಂದ.

ಮುಂದಿನ ವಾರ ಬರಲಿಲ್ಲ. ಗುರುವಾರ ಮಧ್ಯಾಹ್ನ ನಾನು ಕಾಲೇಜಿನಲ್ಲಿ ಪುಸ್ತಕಗಳಿಗೆ ಚೀಟಿ ಅಂಟಿಸುತ್ತಿದ್ದಾಗ ಭಾಬಿಯ ಫೋನು ಬಂತು. ಹಿಂದೆ ಸಬೀನಾ ಅಳುವುದು ಕೇಳಿಸಿತು.

ಮಾರನೆಯ ದಿನ ಸಂಜೆಯ ನಮಾಜಿಗೆ ಮುಂಚೆ ಮಣ್ಣು ಮಾಡಿದರು. ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ನಾನು ಹಿಂದೆ ನಿಂತಿದ್ದೆ. ಅವನ ತಮ್ಮ ಕೈ ಹಿಡಿದು ಮುಂದೆ ಕರೆದ. ನಾನೂ ಮೂರು ಹಿಡಿ ಹಾಕಿದೆ. ಮನೆಗೆ ಬಂದು ಕೈ ತೊಳೆಯುವಾಗ ಗಡಿಯಾರದ ಗಾಜಿನ ಮೇಲೆ ಮಣ್ಣು ಕಂಡಿತು. ಗೆರೆ ಕಿತ್ತು ಬಂದೀತು ಎಂದು ಹೆದರಿ ಒಣ ಬಟ್ಟೆಯಲ್ಲಿ ಹಗೂರ ಒರೆಸಿದೆ.

ಓಟಕ್ಕೆ ಇನ್ನೂ ಮೂರು ವಾರ ಇತ್ತು. ಹೋಗುವುದಿಲ್ಲ ಎಂದು ತೀರ್ಮಾನ ಮಾಡಿದ್ದೆ. ಸಬೀನಾ ಮನೆಗೆ ಬಂದು ಅವನ ಫೋನಿನಲ್ಲಿದ್ದ ಸಂದೇಶ ತೋರಿಸಿದಳು. ಇಬ್ಬರ ನಂಬರಿನ ಚೀಟಿಗಳೂ ತಯಾರಾಗಿವೆ, ಬಂದು ಒಯ್ಯಬೇಕು ಎಂದಿತ್ತು. "ಹೋಗ್ರಿ ಕಾಕಾ. ಇಲ್ಲಾಂದ್ರ ಅಬ್ಬಾ ಬೈತಾರ," ಎಂದಳು. 'ಬೈತಾರ' ಎಂದಳು, 'ಬೈತಿದ್ರು' ಎನ್ನಲಿಲ್ಲ.

ಓಟದ ದಿನ ಅವನ ನಂಬರು ಲಕೋಟೆಯಲ್ಲೇ ನನ್ನ ಕಿಸೆಯಲ್ಲಿ ಇತ್ತು. ನನ್ನದನ್ನು ಎದೆಗೆ ಚುಚ್ಚಿಕೊಂಡು ಸಾಲಿನಲ್ಲಿ ನಿಂತೆ. ಆ ಓಟವೂ ಆರಕ್ಕೇ ಶುರುವಾಯಿತು. ನಸುಕಿನ ಚಳಿ, ತಮಟೆ, ಸಾವಿರ ಬೂಟುಗಳ ಸದ್ದು. ಕಾಲು ಹಗುರವಾಗಿ ಬಿದ್ದಿತು. ಏರಿನಲ್ಲಿಯೂ ಹರಡು ಒಂದು ಮಾತು ಆಡಲಿಲ್ಲ. ಮುರಿದ ಕಾಲು ಯಾವುದು ಎಂದು ಕೇಳಿದರೆ ಯೋಚನೆ ಮಾಡಿ ಹೇಳಬೇಕು, ಹಾಗೆ ಆಗಿತ್ತು. ಅವನು ಹೇಳಿದ್ದೆಲ್ಲ ಖರೇ ಆಗಿತ್ತು. ಅದು ಗೊತ್ತಾಗುತ್ತ ಹೋದ ಹಾಗೆ ಮತ್ತೆ ಮತ್ತೆ ಗಡಿಯಾರ ನೋಡತೊಡಗಿದೆ.

ದೊಡ್ಡ ಮುಳ್ಳು ಗೆರೆಗೆ ಬಂತು. ನಾನು ಹೊಳ್ಳಿದೆ.

ಯೋಚಿಸಿ ಹೊಳ್ಳಲಿಲ್ಲ. ಕಾಲುಗಳು ತಾವೇ ತಿರುಗಿದವು. ಎದುರಿನಿಂದ ಬರುವವರು ನನ್ನ ಆಚೀಚೆ ಸರಿದು ಹೋದರು, ಕೆಲವರು ಡಿಕ್ಕಿ ಹೊಡೆದರು. ಬಂದೋಬಸ್ತಿಗೆ ನಿಂತಿದ್ದ ಪೊಲೀಸಮ್ಮ ಕೈ ಬೀಸಿ ಕೂಗಿದಳು.

"ಯಜಮಾನ್ರ, ಉಲ್ಟಾ ಹೊಂಟೀರಲ್ರಿ! ಅತ್ತಾಗ, ಅತ್ತಾಗ!"

"ಗೊತ್ತೈತ್ರಿ."

"ಕಾಲು ನೋಯಾಕತ್ತೈತೇನ್ರಿ? ಗಾಡಿ ಕರೀಲೇನು?"

"ಇಲ್ರೀ, ಕಾಲು ಛಲೋ ಐತಿ."

"ಮತ್ತ?"

ರಸ್ತೆಯ ಬದಿ ಹಿಡಿದು, ಎಲ್ಲರ ಎದುರು ಮುಖವಾಗಿ, ಹೊರಟ ಜಾಗಕ್ಕೆ ಓಡಿ ಬಂದೆ. ಅಲ್ಲಿ ಚಪ್ಪರದ ಕೆಳಗೆ ಕುರ್ಚಿ ಜೋಡಿಸುತ್ತಿದ್ದವರು ಇಷ್ಟು ಬೇಗ ಯಾರು ಮುಗಿಸಿದರು ಎಂದು ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ಕೆಲಸಕ್ಕೆ ಹೊರಳಿದರು.

ಈಗ ಮತ್ತೆ ಶ್ರಾವಣ ಬಂದಿದೆ. ಮೊನ್ನೆ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ವಾಸನೆಗೆ ತಡೆಯಲಾಗದೆ ನನ್ನ ನಿಲ್ದಾಣಕ್ಕೆ ಮುಂಚೆಯೇ ಇಳಿದೆ. ಆ ದಿನ ಸಂಜೆ ಇದನ್ನು ಬರೆಯಲು ಕುಳಿತೆ.

ಗ್ಯಾರೇಜನ್ನು ಅವನ ತಮ್ಮ ನೋಡಿಕೊಳ್ಳುತ್ತಾನೆ. ಮೀಟರಿನ ಮೇಲೆ ಗೆರೆ ಎಳೆಯುವ ರೂಢಿ ಅವನಿಗಿಲ್ಲ, ಬಾಯಿಂದ ಹೇಳಿ ಕಳಿಸುತ್ತಾನೆ. ನಾನು ಈಗಲೂ ಮುಂಜಾನೆ ಆರಕ್ಕೆ ಮನೆ ಬಿಡುತ್ತೇನೆ, ಗೆರೆ ಬಂದರೆ ಹೊಳ್ಳುತ್ತೇನೆ. ಇನ್ನೂ ಮುಂದೆ ಹೋಗುವ ಶಕ್ತಿ ಕಾಲಿಗಿದೆ. ಗೆರೆ ಕೆರೆಯುವ ಬ್ಲೇಡು ನಮ್ಮ ಮನೆಯಲ್ಲೂ ಇದೆ. ಬಣ್ಣ ಕೇಳಿದರೆ ಸಬೀನಾ ಕೊಡುತ್ತಾಳೆ. ಗೆರೆ ಮಾತ್ರ ಎಂಟು ದಾಟಿ ಮೂರನೇ ಕಡ್ಡಿಯ ಮೇಲೆ ಸೊಟ್ಟಗೆ ನಿಂತಿದೆ. ಹನ್ನೆರಡಕ್ಕೆ ಇನ್ನೂ ಹದಿನೇಳು ಕಡ್ಡಿ ಇವೆ. ಅದನ್ನು ಮುಂದೆ ಸರಿಸುವವನು ಇಲ್ಲ.